ಭಂಡಾರಿಯ ಜಾಗದಲ್ಲಿ ಬಂದವನು

ಸೆರೆಯಿಂದ ಬಿಡುಗಡೆಯಾಗಿ ಪುಣೆಗೆ ಬಂದ ಮೇಲೆ ನಾಲ್ಕು ತಿಂಗಳಲ್ಲಿ ನನಗೆ ಏಳು ಕಡೆ ಸನ್ಮಾನವಾಯಿತು. ಧನಕವಡಿಯ ನಮ್ಮ ಗಲ್ಲಿಯ ಗಣಪತಿ ಮಂಡಳದವರು ಮೊದಲು ಕರೆದರು, ಆಮೇಲೆ ಕನ್ನಡ ಸಂಘದವರು, ಆಮೇಲೆ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನವರು. ಎಲ್ಲ ಕಡೆಯೂ ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು, ಅಲ್ಲಿ ಹೇಗೆ ಬದುಕಿ ಉಳಿದಿರಿ ಹೇಳಿ ಎಂದು ಮೈಕಿನ ಮುಂದೆ ನಿಲ್ಲಿಸುತ್ತಿದ್ದರು. ನಾನು ನಮ್ಮ ಕ್ಯಾಪ್ಟನ್ನರ ಬಗ್ಗೆ ಹೇಳುತ್ತಿದ್ದೆ. ಅವರ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಉಳಿದವರೆಲ್ಲ ಇನ್ನೂ ಒಳಗಿರುವಾಗ ನೀವು ಹೇಗೆ ಹೊರಗೆ ಬಂದಿರಿ ಎಂದು ಯಾರಾದರೂ ಕೇಳಿದಾಗ, ಎದೆನೋವು ಬಂದಿತ್ತು, ಕಾಯಿಲೆಯವರನ್ನು ಮೊದಲು ಬಿಟ್ಟರು ಎಂದುಬಿಡುತ್ತಿದ್ದೆ. ನನಗೆ ಯಾವ ಎದೆನೋವೂ ಇರಲಿಲ್ಲ.

ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಸರಕು ಹಡಗೊಂದರಲ್ಲಿ ಥರ್ಡ್ ಇಂಜಿನಿಯರ್ ಆಗಿದ್ದೆ. ಹಡಗಿನ ಜನ ಆ ಹುದ್ದೆಯವನನ್ನು ‘ತೀನ್ ಸಾಬ್’ ಎಂದು ಕರೆಯುತ್ತಾರೆ. ಅಪ್ಪ ಗದಗದಿಂದ ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದಕ್ಕೆ ಗುಮಾಸ್ತರಾಗಿ ಬಂದವರು, ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡರು. ಅವ್ವ ಧನಕವಡಿಯ ಹಾಸ್ಟೆಲ್ ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ನನ್ನನ್ನು ಓದಿಸಿದಳು. ಹಡಗು ನನ್ನ ಕನಸೇನೂ ಆಗಿರಲಿಲ್ಲ. ಇಂಜಿನ್ನುಗಳೆಂದರೆ ಇಷ್ಟ, ಅಷ್ಟೆ.

ಆ ಸಲ ನಾವು ಗೋಧಿ ತುಂಬಿಕೊಂಡು ಹೊರಟಿದ್ದೆವು. ದಾರಿಯ ಸಮುದ್ರದ ಆಚೀಚೆ ಯುದ್ಧ ನಡೆದಿತ್ತು. ನಮಗೂ ಆ ಯುದ್ಧಕ್ಕೂ ಸಂಬಂಧವಿರಲಿಲ್ಲ. ಒಂದು ಮಧ್ಯಾಹ್ನ ಒಂದು ಪಕ್ಷದ ಬಂದೂಕುಧಾರಿಗಳು ವೇಗದ ದೋಣಿಗಳಲ್ಲಿ ಬಂದು ಹಡಗು ಹತ್ತಿದರು. ಎರಡು ದಿನಗಳ ಮೇಲೆ ನಮ್ಮ ಹತ್ತೊಂಬತ್ತು ಜನರನ್ನೂ ಒಂದು ಸಣ್ಣ ಬಂದರಿಗೆ ಒಯ್ದು, ಉಪ್ಪಿನ ಗೋದಾಮಿಗೆ ಸೇರಿದ ಎರಡು ಕೋಣೆಗಳಲ್ಲಿ ಕೂಡಿಹಾಕಿದರು. ಒಂದು ಕೋಣೆಯ ಕಿಟಕಿಯಿಂದ ಹೊರಗಿನ ಗೇಟು ಕಾಣುತ್ತಿತ್ತು.

ನಮ್ಮ ಕ್ಯಾಪ್ಟನ್ನರು ಕುಂದಾಪುರ ಕಡೆಯವರು. ಇಪ್ಪತ್ತನಾಲ್ಕು ವರ್ಷ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದು, ನಿವೃತ್ತರಾದ ಮೇಲೆ ಸರಕು ಹಡಗಿಗೆ ಬಂದಿದ್ದರು. ಹಡಗಿನಲ್ಲಿ ಕನ್ನಡದವರು ನಾವಿಬ್ಬರೇ. ಆದರೂ ಉಳಿದವರ ಮುಂದೆ ಅವರು ನನ್ನ ಜೊತೆ ಕನ್ನಡ ಆಡುತ್ತಿರಲಿಲ್ಲ. ಹತ್ತೊಂಬತ್ತು ಜನರಲ್ಲಿ ಹದಿನೇಳು ಜನರಿಗೆ ತಿಳಿಯದ ಮಾತನ್ನು ಇಬ್ಬರು ಆಡಿದರೆ ಅಲ್ಲಿ ಗೋಡೆ ಏಳುತ್ತದೆ ಎನ್ನುತ್ತಿದ್ದರು.

ಗೋದಾಮಿನ ಮೊದಲ ಬೆಳಿಗ್ಗೆ ಅವರು ಅರ್ಧ ಲೋಟ ನೀರಿನಲ್ಲಿ ಗಡ್ಡ ಕೆರೆದುಕೊಂಡರು. ಮುಖದ ತುಂಬ ಗಾಯವಾಯಿತು. ಆಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಎಣಿಸಿದರು. ಹಡಗು ಅವರ ಕೈಯಲ್ಲಿದೆ, ಹಡಗಿನ ಜನ ಇನ್ನೂ ನನ್ನ ಕೈಯಲ್ಲಿದ್ದಾರೆ ಎಂದರು. ಅವತ್ತಿನಿಂದಲೇ ಪಾಳಿ ಶುರುವಾಯಿತು. ಹಡಗಿನಲ್ಲಿ ಮಾಡುವಂತೆಯೇ ನಾಲ್ಕು ನಾಲ್ಕು ತಾಸಿಗೆ ಇಬ್ಬರು ಎಚ್ಚರವಿರಬೇಕು. ಪಾಳಿ ಮುಗಿದಾಗ ಎಲ್ಲರನ್ನೂ ಎಣಿಸಿ, ಹತ್ತೊಂಬತ್ತು ಜನ ಇದ್ದೇವೆ ಎಂದು ಮುಂದಿನವರಿಗೆ ಒಪ್ಪಿಸಬೇಕು. ಬಾಗಿಲಿಗೆ ಹೊರಗಿನಿಂದ ಬೀಗ ಜಡಿದ ಕೋಣೆಯಲ್ಲಿ ಇದೆಂಥ ಪಾಳಿ ಎಂದು ನಾವೇ ಒಳಗೊಳಗೆ ನಕ್ಕಿದ್ದೆವು. ಮೂರನೆಯ ತಿಂಗಳು ನಮ್ಮಲ್ಲೊಬ್ಬ ಗೋಡೆಗೆ ತಲೆ ಚಚ್ಚಿಕೊಳ್ಳಲು ಹೋದ. ಪಾಳಿಯಲ್ಲಿದ್ದ ಇಬ್ಬರು ಅವನನ್ನು ತಬ್ಬಿ ಹಿಡಿದು ಕೂರಿಸಿದರು. ಆಮೇಲೆ ಯಾರೂ ನಗಲಿಲ್ಲ.

ಅನ್ನ, ನೀರು ಹಂಚುವಾಗ ಕ್ಯಾಪ್ಟನ್ನರದು ಕೊನೆಯ ಪಾಲು. ಕೆಲವು ದಿನ ಡಬ್ಬಿಯ ತಳದಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಕಾವಲಿನವರು ಏನೇ ಕೇಳುವುದಿದ್ದರೂ ತನ್ನನ್ನೇ ಕೇಳಬೇಕು ಎಂದು ಅವರು ಹಟ ಹಿಡಿದಿದ್ದರು. ಎರಡು ಸಲ ಅವರನ್ನು ಅಂಗಳಕ್ಕೆ ಎಳೆದೊಯ್ದು ಹೊಡೆದರು, ಆ ಹಟಕ್ಕಾಗಿ ಎಂದೇ ನಾವು ತಿಳಿದಿದ್ದೆವು. ಎರಡನೆಯ ಸಲ ಒಂದು ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿಸಿಕೊಂಡು ಬಂದವರು, ಈಗ ಪಾಳಿ ಯಾರದು ಎಂದು ಕೇಳಿ ಗೋಡೆಗೆ ಒರಗಿ ಕೂತರು.

ಅವರು ನಮಗೆ ಹಾಕಿದ್ದ ಕಟ್ಟಳೆ ಎರಡೇ. ಯಾರೂ ಒಂಟಿಯಾಗಿ ಕಾವಲಿನವರ ಜೊತೆ ಯಾವ ಒಪ್ಪಂದಕ್ಕೂ ಹೋಗಬಾರದು. ಬಿಡುಗಡೆಯ ಮಾತು ಬಂದರೆ ಮೊದಲು ಕಾಯಿಲೆಯವರು, ಆಮೇಲೆ ಕೆಳಗಿನ ನೌಕರರು, ಆಮೇಲೆ ಅಧಿಕಾರಿಗಳು, ಎಲ್ಲರಿಗಿಂತ ಕೊನೆಗೆ ತಾನು. ಇದಕ್ಕೆ ನಾವೆಲ್ಲ ಕೈ ಎತ್ತಿ ಒಪ್ಪಿದ್ದೆವು. ನಾನೂ ಎತ್ತಿದ್ದೆ.

ಕಾಯಿಲೆಯವರಲ್ಲಿ ಮೊದಲನೆಯವ ನಮ್ಮ ಭಂಡಾರಿ. ಹಡಗಿನ ಅಡುಗೆಯವನನ್ನು ಹಾಗೆ ಕರೆಯುತ್ತಾರೆ. ರತ್ನಾಗಿರಿ ಕಡೆಯವ, ಐವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಇತ್ತು. ಹೆಬ್ಬೆರಳಿಗೆ ಆದ ಸಣ್ಣ ಗಾಯ ಮಾಯದೆ ಪಾದಕ್ಕೆ ಏರುತ್ತಿತ್ತು. ಅವನ ಮಗಳನ್ನು ಭೋಸರಿಗೆ ಕೊಟ್ಟಿದ್ದರಿಂದ ನಾನೂ ಅವನೂ ಪುಣೆಯ ಸುದ್ದಿಯನ್ನು ಮರಾಠಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಬಿಡುಗಡೆಯಾದ ಮೇಲೆ ನಿಮ್ಮವ್ವನಿಗೆ ಸುರಮಾಯಿ ಮೀನು ಹುರಿದುಕೊಡುತ್ತೇನೆ ಎಂದ. ಅವ್ವ ಮೀನು ಮುಟ್ಟುವುದಿಲ್ಲ ಎಂದೆ. ಅವಳಿಗಾಗಿ ಅವನು ನಿಜವಾಗಿಯೂ ಮರುಗಿದ.

ಐದನೆಯ ತಿಂಗಳು ಗೋದಾಮಿನ ನೀರಿನ ಪಂಪು ಕೆಟ್ಟಿತು. ಕಾವಲಿನವರ ಮುಖಂಡ ಹಿಂದೆ ಯಾವುದೋ ದೇಶದಲ್ಲಿ ಭಾರತೀಯರ ಜೊತೆ ಲಾರಿ ಓಡಿಸಿದವನು, ಹಿಂದಿ ಬರುತ್ತಿತ್ತು. ರಿಪೇರಿಗೆ ಒಬ್ಬನನ್ನು ಕೊಡಿ ಎಂದು ಕ್ಯಾಪ್ಟನ್ನರನ್ನು ಕೇಳಿದ. ಆ ನೀರನ್ನು ನಾವೂ ಕುಡಿಯುತ್ತೇವೆ ಎಂದು ಅವರು ನನ್ನನ್ನು ಕಳಿಸಿದರು. ಪಂಪು ಒಂದೇ ದಿನದಲ್ಲಿ ಸರಿಯಾಯಿತು. ಆದರೆ ಆ ಮುಖಂಡ ನನ್ನನ್ನು ವಾಪಸು ಕರೆತರುವಾಗ ದೋಣಿಗಳು ನಿಲ್ಲುವ ಧಕ್ಕೆಯ ಕಡೆ ತಿರುಗಿಸಿ ಒಂದು ದೋಣಿ ತೋರಿಸಿದ. ನಮ್ಮ ಹಡಗನ್ನು ಹಿಡಿದಂಥದೇ ದೋಣಿ, ಮುಂದೆ ಬಂದೂಕು ಕೂರಿಸುವ ಕಂಬವಿತ್ತು. ಅದರ ಇಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಇದಕ್ಕೆ ಆಳು ಕೊಡು ಎಂದರೆ ನಿಮ್ಮ ಕ್ಯಾಪ್ಟನ್ ಒಪ್ಪಲಿಲ್ಲ, ಕಣ್ಣು ಮುಚ್ಚುವ ಹಾಗೆ ಹೊಡೆದರೂ ಒಪ್ಪಲಿಲ್ಲ ಎಂದ. ಆಮೇಲೆ, ಬರುವ ವಾರ ಇಬ್ಬರನ್ನು ಬಿಡುತ್ತೇವೆ, ಇದನ್ನು ನೀನು ಓಡಿಸಿಕೊಟ್ಟರೆ ಅದರಲ್ಲೊಬ್ಬ ನೀನು ಎಂದ.

ಅವನು ನನ್ನ ತಲೆಗೆ ಬಂದೂಕು ಇಟ್ಟಿದ್ದ ಎಂದು ಬರೆಯಲು ಈಗಲೂ ಆಸೆಯಾಗುತ್ತದೆ. ಇಟ್ಟಿರಲಿಲ್ಲ. ಅವನ ಬಂದೂಕು ಹೆಗಲ ಮೇಲಿತ್ತು, ಕೈಯಲ್ಲಿ ಚಹಾದ ಲೋಟವಿತ್ತು. ನನಗೂ ಒಂದು ಲೋಟ ಕೊಟ್ಟ. ನಾನು ಕುಡಿದು, ಸ್ಪ್ಯಾನರ್ ಎಲ್ಲಿದೆ ಎಂದು ಕೇಳಿದೆ.

ಪಂಪಿನ ಕೆಲಸ ಇನ್ನೂ ಇದೆ ಎಂದು ಕ್ಯಾಪ್ಟನ್ನರಿಗೆ ಹೇಳಿ ಮತ್ತೆರಡು ದಿನ ಹೋದೆ. ಡೀಸೆಲ್ ಹೋಗುವ ನಳಿಗೆ ಕಟ್ಟಿಕೊಂಡಿತ್ತು, ಒಂದು ಸೀಲು ಹರಿದಿತ್ತು. ಈ ಕಥೆಯಲ್ಲಿ ನನಗೆ ಅತಿ ಹೆಚ್ಚು ನಾಚಿಕೆಯಾಗುವುದು ಇಲ್ಲಿ. ಆ ಎರಡು ದಿನ ನಾನು ಖುಷಿಯಾಗಿದ್ದೆ. ತಿಂಗಳುಗಳ ಮೇಲೆ ಕೈಗೆ ಹತಾರ ಸಿಕ್ಕಿತ್ತು, ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಇಂಜಿನ್ ಸ್ಟಾರ್ಟ್ ಆದಾಗ ನಾನು ಜೋರಾಗಿ ನಕ್ಕೆ, ಕಾವಲಿನವರೂ ನಕ್ಕು ನನ್ನ ಬೆನ್ನು ತಟ್ಟಿದರು.

ಮರುವಾರ ಬಿಡುಗಡೆಯ ಬೆಳಿಗ್ಗೆ ಕ್ಯಾಪ್ಟನ್ನರು ಕೊಟ್ಟಿದ್ದ ಹೆಸರುಗಳು ಎರಡು: ಜ್ವರದಲ್ಲಿ ಬಿದ್ದಿದ್ದ ಒಬ್ಬ ಆಯಿಲ್‌ಮ್ಯಾನ್, ಅಂದರೆ ಇಂಜಿನ್ನಿಗೆ ಎಣ್ಣೆ ಹಾಕುವವನು, ಮತ್ತು ಭಂಡಾರಿ. ಭಂಡಾರಿ ಇದ್ದುದರಲ್ಲೇ ಚೊಕ್ಕ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದ. ಮುಖಂಡ ಬಂದು ಆಯಿಲ್‌ಮ್ಯಾನನ್ನೂ ನನ್ನನ್ನೂ ಅಂಗಳದ ಆಚೆ ತುದಿಗೆ ಕರೆದ. ಕ್ಯಾಪ್ಟನ್ನರು ಹಿಂದೆಯೇ ಬಂದು, ನಾನು ಕೊಟ್ಟ ಹೆಸರು ಇದಲ್ಲ ಎಂದರು. ಮುಖಂಡ ನಗುತ್ತಾ, ನಿನ್ನ ಇಂಜಿನಿಯರ್ ನಮಗೆ ಒಳ್ಳೇ ಕೆಲಸ ಮಾಡಿಕೊಟ್ಟ, ದೋಣಿ ಹಾರಿಹೋಗುತ್ತದೆ ಈಗ ಎಂದ.

ಕ್ಯಾಪ್ಟನ್ನರು ನನ್ನ ಕಡೆ ತಿರುಗಿದರು. ನಾನು ನನ್ನ ಕಾಲು ನೋಡುತ್ತಾ ನಿಂತೆ. ಅವರು ಮುಖಂಡನ ಜೊತೆ ಮತ್ತೆ ವಾದಿಸಿದರು, ಮೂವರನ್ನು ಬಿಡು ಎಂದು ಕೇಳಿದರು, ಅವನು ತಲೆ ಅಲ್ಲಾಡಿಸಿದ. ಆಗ ಅವರು ಬಾಗಿಲಿಗೆ ಹೋಗಿ ಒಳಗಿನವರಿಗೆ ಹಿಂದಿಯಲ್ಲಿ ಹೇಳಿದರು:

“ಹೆಸರು ಬದಲಾಗಿದೆ. ಬದಲಾಯಿಸಿದವನು ನಾನು. ತೀನ್ ಸಾಬ್ ಹೋಗುತ್ತಾನೆ.”

ಒಳಗಿನಿಂದ ಒಬ್ಬ ಖಲಾಸಿ, ಇವನು ನಿಮ್ಮ ಭಾಷೆಯವನು ಎಂದೇ ಕಳಿಸುತ್ತೀರಾ ಎಂದು ಕೇಳಿದ. ಹಾಗೆ ತಿಳಿದುಕೊಳ್ಳುವುದಾದರೆ ತಿಳಿದುಕೊಳ್ಳಿ ಎಂದರು ಕ್ಯಾಪ್ಟನ್ನರು. ಭಂಡಾರಿ ನನ್ನನ್ನು ಹತ್ತಿರ ಕರೆದ. ಮಗಳ ಫೋನ್ ನಂಬರನ್ನು ಮೂರು ಸಲ ಹೇಳಿ ಬಾಯಿಪಾಠ ಮಾಡಿಸಿದ. ಕಾಲು ವಾಸಿಯಾಗುತ್ತಿದೆ ಎಂದು ಅವಳಿಗೆ ಹೇಳು ಎಂದ. ಕಾಲು ಆಗಲೇ ಕಪ್ಪಾಗಿತ್ತು.

ಗೇಟಿನ ತನಕ ಕ್ಯಾಪ್ಟನ್ನರು ನಮ್ಮ ಜೊತೆ ಬಂದರು. ಎಲ್ಲರೂ ಕಿಟಕಿಗೆ ಬಂದು ನೋಡುತ್ತಿದ್ದರು. ಆಗ ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು.

“ತಲೆ ಎತ್ತಿ ನಡಿ. ಅವರೆಲ್ಲ ನೋಡ್ತಾ ಇದ್ದಾರೆ.”

ನಾನು ತಲೆ ಎತ್ತಿಕೊಂಡೇ ನಡೆದು ಬಂದೆ.

ಪುಣೆ ಸ್ಟೇಷನ್ನಿಗೆ ಅವ್ವನ ಜೊತೆ ಇಡೀ ಗಲ್ಲಿಯೇ ಬಂದಿತ್ತು. ಹಾರ, ಡೋಲು, ಮೊಬೈಲು. ಆಮೇಲಿನ ಭಾಷಣಗಳ ವಿಷಯ ಆಗಲೇ ಹೇಳಿದ್ದೇನೆ. ಕಾಲೇಜಿನಲ್ಲಿ ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಯಕತ್ವವೆಂದರೆ ಏನು ಎಂದು ಕೇಳಿದರು. ನಾನು ಪಾಳಿಯ ಕಥೆ ಹೇಳಿದೆ, ಕೊನೆಯ ಪಾಲಿನ ಅನ್ನದ ಕಥೆ ಹೇಳಿದೆ, ಊದಿದ ಕಣ್ಣಿನ ಕಥೆಯನ್ನೂ ಹೇಳಿದೆ. ಅವರಿಗೆ ಹೊಡೆದದ್ದು ಯಾವ ಕೆಲಸ ನಿರಾಕರಿಸಿದ್ದಕ್ಕೆ ಎಂದು ಮಾತ್ರ ಹೇಳಲಿಲ್ಲ.

ಭಂಡಾರಿಯ ಮಗಳಿಗೆ ಫೋನ್ ಮಾಡಲಿಲ್ಲ. ನಂಬರು ನೆನಪಿತ್ತು, ಈಗಲೂ ಇದೆ. ಫೋನ್ ಕೈಗೆತ್ತಿಕೊಂಡು ಎಷ್ಟೋ ಸಲ ಇಟ್ಟಿದ್ದೇನೆ. ಅಪ್ಪ ಯಾಕೆ ಬರಲಿಲ್ಲ ಎಂದು ಅವಳು ಕೇಳುತ್ತಾಳೆ, ನಾನು ಅವಳಿಗೂ ಎದೆನೋವಿನ ಕಥೆ ಹೇಳಬೇಕಾಗುತ್ತದೆ. ಭೋಸರಿ ನಮ್ಮ ಮನೆಯಿಂದ ಒಂದೂವರೆ ತಾಸಿನ ದಾರಿ. ಅಲ್ಲೊಬ್ಬ ಹೆಣ್ಣುಮಗಳು ತಂದೆಯ ಒಂದು ಮಾತಿಗಾಗಿ ಕಾಯುತ್ತಿದ್ದಳು. ನಾನು ಇಲ್ಲಿ ಶಾಲುಗಳನ್ನು ಮಡಿಚಿ ಟ್ರಂಕಿನಲ್ಲಿ ಇಡುತ್ತಿದ್ದೆ.

ನಾನು ಬಂದ ನಾಲ್ಕು ತಿಂಗಳ ಮೇಲೆ ಉಳಿದ ಹದಿನೇಳು ಜನರೂ ಬಿಡುಗಡೆಯಾದರು. ನನ್ನ ಜೊತೆ ಬಂದಿದ್ದ ಆಯಿಲ್‌ಮ್ಯಾನ್ ಫೋನಿನಲ್ಲಿ ಅವರ ಸುದ್ದಿ ಹೇಳಿದ. ಭಂಡಾರಿಯ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ನಾವು ಹೋದ ಮೇಲೆ ಏಳೆಂಟು ಜನ ಕ್ಯಾಪ್ಟನ್ನರ ಜೊತೆ ಮಾತು ಬಿಟ್ಟಿದ್ದರಂತೆ. ತನ್ನ ಭಾಷೆಯವನನ್ನು ದಾಟಿಸಿದ ಎಂದು ಅವರ ಎದುರಿಗೇ ಅಂದಿದ್ದರಂತೆ. ಎಣಿಸುವಾಗ ಉತ್ತರ ಕೊಡುತ್ತಿರಲಿಲ್ಲ, ಪಾಳಿಗೆ ಏಳುತ್ತಿರಲಿಲ್ಲ. ಅವರ ಪಾಳಿಗಳನ್ನೂ ಕ್ಯಾಪ್ಟನ್ನರೇ ಕೂತು ಮುಗಿಸುತ್ತಿದ್ದರು. ಮೂರು ವಾರವಾದ ಮೇಲೆ ಒಬ್ಬೊಬ್ಬರಾಗಿ ಏಳತೊಡಗಿದರು. ಭಂಡಾರಿ ಮಾತ್ರ ಕೊನೆಯವರೆಗೂ ಅವರ ಮುಖ ನೋಡಲಿಲ್ಲ. ಬಿಡುಗಡೆಯ ದಿನ ಅವರು ಕೈ ಚಾಚಿದಾಗ ಇವನು ಕೈ ಕೊಡಲಿಲ್ಲ.

ಕ್ಯಾಪ್ಟನ್ನರ ಅಣ್ಣ ಪುಣೆಯ ವಾಕಡದಲ್ಲಿ ಹೋಟೆಲ್ ನಡೆಸುತ್ತಾರೆ. ಅವರ ಮನೆಗೆ ಬಂದಿದ್ದಾಗ ಕ್ಯಾಪ್ಟನ್ನರು ನನಗೆ ಎರಡು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಮೂರನೆಯ ಸಲ ನಾನು ಸ್ನಾನಕ್ಕೆ ಹೋಗಿದ್ದೆ, ಅವ್ವ ಎತ್ತಿದಳು. ಎತ್ತಿದವಳು ಊಟಕ್ಕೇ ಕರೆದುಬಿಟ್ಟಳು.

ಮರುದಿನ ಮಧ್ಯಾಹ್ನ ಅವರು ಬಂದರು. ತೆಳ್ಳಗಾಗಿದ್ದರು, ಒಂದು ಕಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು. ಅವ್ವ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಅವರು ನೆಲದ ಮೇಲೆ ಕೂತು ಒಂದೂ ಬಿಡದೆ ಉಂಡರು. ಕೈ ತೊಳೆದು ಬಂದ ಮೇಲೆ ಅವ್ವ ಅವರ ಮುಂದೆ ನಿಂತು ಕೈಮುಗಿದಳು.

“ಕಪ್ತಾನ್ರ, ನಿಮ್ಮ ಉಪಕಾರ ಭಾಳ ಅದರೀ. ನೀವು ಕಷ್ಟದಾಗ ಇದ್ದು ನನ್ನ ಮಗನ್ನ ಮೊದಲ ಕಳಿಸಿಕೊಟ್ರಿ. ಎದಿನೋವು ಅಂತ ನೋಡಿ ಕಳಿಸಿದ್ರಲ್ಲ, ಅಷ್ಟ ಸಾಕ್ರಿ ನನಗ.”

ಕ್ಯಾಪ್ಟನ್ನರು ನನ್ನ ಕಡೆ ನೋಡಲಿಲ್ಲ. ರೊಟ್ಟಿ ಬಹಳ ಚೆನ್ನಾಗಿತ್ತು ಅಮ್ಮ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಅವರನ್ನು ರಿಕ್ಷಾ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ನಮ್ಮ ಗಲ್ಲಿಯ ಇಳಿಜಾರಿನಲ್ಲಿ ನಡೆಯುತ್ತಾ ಅವರೇ ಮಾತು ತೆಗೆದರು. ಅಣ್ಣ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದರಂತೆ, ನಾನು ತಮ್ಮ ಬಗ್ಗೆ ಒಳ್ಳೆಯದು ಹೇಳಿದ್ದೇನಂತೆ ಎಂದರು. ನನಗೆ ತಡೆಯಲಾಗಲಿಲ್ಲ. ಅವತ್ತು ನನ್ನ ಹೆಸರು ಹೇಳದೆ ತಪ್ಪನ್ನು ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ ಸರ್ ಎಂದು ಕೇಳಿದೆ. ಅವರು ನಿಂತರು.

“ನಿನ್ನ ಮೇಲೆ ಪ್ರೀತಿ ಅಂತ ತಿಳ್ಕೊಳ್ಬೇಡ ಮಾರಾಯ. ಒಬ್ಬ ಹಾಗೆ ಮಾಡಿ ಮನೆಗೆ ಹೋದ ಅಂತ ಗೊತ್ತಾಗಿದ್ರೆ ಮರುದಿನದಿಂದ ಹದಿನಾರು ಜನ ಹದಿನಾರು ದಾರಿ ಹುಡುಕ್ತಿದ್ರು. ಒಬ್ಬರನ್ನೊಬ್ಬರು ನಂಬ್ತಿರಲಿಲ್ಲ. ನನ್ನ ಮೇಲೆ ಸಿಟ್ಟಾದ್ರೆ ಎಲ್ಲ ಒಟ್ಟಿಗೆ ಸಿಟ್ಟಾಗ್ತಾರೆ. ಒಟ್ಟಿಗೆ ಇದ್ರೆ ಸಾಕಿತ್ತು ನಂಗೆ.”

ಸ್ವಲ್ಪ ಮುಂದೆ ಹೋದ ಮೇಲೆ, ಸಿಟ್ಟು ನನಗೂ ಉಂಟು, ಇನ್ನೂ ಹೋಗಿಲ್ಲ ಎಂದರು. ಭಂಡಾರಿ ಈಗ ಭೋಸರಿಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದೂ ಹೇಳಿದರು. ಹೋಗು ಎನ್ನಲಿಲ್ಲ. ರಿಕ್ಷಾ ಹತ್ತಿ ಹೋದರು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು, ನಾದುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೈ ತೊಳೆದುಕೊಂಡಳು.

“ನಾ ಕೈಮುಗದಾಗ ಆ ಮನಷ್ಯಾ ನಿನ್ನ ವಿಷಯ ಒಂದ ಮಾತ ಆಡಲಿಲ್ಲ. ನೀ ಬಾಜೂಕ ನಿಂತಿದ್ದಿ, ನೀನೂ ಆಡಲಿಲ್ಲ. ಅವರು ಸುಮ್ಮನಿದ್ದದ್ದ ಬ್ಯಾರೆ, ನೀ ಸುಮ್ಮನಿದ್ದದ್ದ ಬ್ಯಾರೆ.”

ಅವತ್ತು ಅವಳು ನನಗೆ ಬಡಿಸಿದಳು, ಜೊತೆಗೆ ಕೂತು ಉಣ್ಣಲಿಲ್ಲ.

ಭೋಸರಿಗೆ ಹೋಗಲು ನನಗೆ ಹನ್ನೊಂದು ದಿನ ಬೇಕಾಯಿತು. ಎರಡು ಸಲ ಬಸ್ ಹತ್ತಿ ಅರ್ಧದಲ್ಲೇ ಇಳಿದು ಬಂದೆ. ಕೊನೆಗೊಂದು ಭಾನುವಾರ ಮುಂಜಾನೆ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ಮನೆ ಹುಡುಕಿ ಬಾಗಿಲು ತಟ್ಟಿದೆ. ಮಗಳು ತೆರೆದಳು. ನಾನು ಯಾರೆಂದು ಹೇಳಿದೆ. ಅಪ್ಪ ನಿಮ್ಮ ಹತ್ತಿರ ನನ್ನ ನಂಬರು ಕೊಟ್ಟಿದ್ದರಂತೆ ಎಂದು ಅವಳು ಮರಾಠಿಯಲ್ಲಿ ಹೇಳಿದಳು. ಹೌದು ಎಂದೆ. ಅವಳು ದಾರಿ ಬಿಟ್ಟಳು, ಬೇರೇನೂ ಕೇಳಲಿಲ್ಲ.

ಭಂಡಾರಿ ಮಂಚದ ಮೇಲೆ ಕೂತಿದ್ದ. ನನ್ನನ್ನು ನೋಡಿ ಅವನಿಗೆ ಖುಷಿಯಾಯಿತು. ಆ ಖುಷಿಯನ್ನು ನೋಡುವುದು ಕಷ್ಟವಾಯಿತು. ಚಹಾ ಮಾಡು ಎಂದು ಮಗಳನ್ನು ಕೂಗಿದ, ನಿಮ್ಮವ್ವ ಹೇಗಿದ್ದಾಳೆ ಎಂದ. ಚಹಾ ಬರುವ ಮೊದಲೇ ಹೇಳಿಬಿಡಬೇಕು ಎನಿಸಿ ನಿಂತುಕೊಂಡೇ ಹೇಳಿದೆ. ಪಂಪು, ದೋಣಿ, ಅಂಗಳದಲ್ಲಿ ನಡೆದದ್ದು. ಕ್ಯಾಪ್ಟನ್ನರು ನಿನ್ನ ಹೆಸರನ್ನೇ ಕೊಟ್ಟಿದ್ದರು, ತೆಗೆಸಿದವನು ನಾನು ಎಂದೆ.

ಅವನು ತನ್ನ ಮಡಿಚಿದ ಪೈಜಾಮದ ಕಡೆ ನೋಡಿದ. ನನ್ನನ್ನು ಬೈಯುತ್ತಾನೆ, ಕೈಗೆ ಸಿಕ್ಕದ್ದನ್ನು ಎಸೆಯುತ್ತಾನೆ ಎಂದುಕೊಂಡೆ. ಅವನು ಕೇಳಿದ್ದು ಒಂದೇ.

“ಆಧೀ ಕಪ್ತಾನ್ ಸಾಹೇಬಾಂನಾ ಫೋನ್ ಲಾವ.”

ಮೊದಲು ಕ್ಯಾಪ್ಟನ್ನರಿಗೆ ಫೋನ್ ಹಚ್ಚು. ಹಚ್ಚಿ ಕೊಟ್ಟೆ. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಸಾಹೇಬರೇ ನಾನು ಕೈ ಕೊಡಲಿಲ್ಲ, ನಾನು ಕೈ ಕೊಡಲಿಲ್ಲ ಎಂದು ಅಳತೊಡಗಿದ. ಆ ಕಡೆಯಿಂದ ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಇವನು ಹೂಂ ಹೂಂ ಎನ್ನುತ್ತಾ ಇನ್ನೂ ಅಳುತ್ತಿದ್ದ. ಇವನ ಕಾಲು ಹೋದದ್ದು ನನ್ನಿಂದ. ಅದರ ಮೇಲೆ, ಇವನು ಒಬ್ಬ ಒಳ್ಳೆಯ ಮನುಷ್ಯನನ್ನು ತಿಂಗಳುಗಟ್ಟಲೆ ದ್ವೇಷಿಸುವಂತೆ ಮಾಡಿದವನೂ ನಾನೇ. ಅಲ್ಲಿಯವರೆಗೆ ಕಾಲಿನ ಲೆಕ್ಕವೊಂದೇ ನನ್ನ ತಲೆಯಲ್ಲಿತ್ತು.

ಫೋನ್ ವಾಪಸು ಕೊಟ್ಟ ಮೇಲೆ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮಗಳು ಚಹಾ ತಂದಿಟ್ಟಿದ್ದಳು. ಕುಡಿಯಬೇಕೋ ಬಿಡಬೇಕೋ ತಿಳಿಯದೆ ಕುಡಿದು ಬಂದೆ.

ಹಡಗಿನವರ ಒಂದು ಫೋನ್ ಗ್ರೂಪು ಇತ್ತು. ಅವತ್ತೇ ಅದರಲ್ಲಿ ಹಿಂದಿಯಲ್ಲಿ ಎಲ್ಲವನ್ನೂ ಬರೆದೆ. ಮೂರನೆಯ ದಿನ ಯಾರೋ ನನ್ನನ್ನು ಗ್ರೂಪಿನಿಂದ ತೆಗೆದರು. ಯಾರೆಂದು ನಾನು ವಿಚಾರಿಸಲಿಲ್ಲ. ಬರೆದದ್ದು ನೋಡಿದೆ ಎಂದು ಕ್ಯಾಪ್ಟನ್ನರು ಒಂದು ಸಾಲು ಕಳಿಸಿದರು.

ಇದೆಲ್ಲ ಆಗಿ ಎರಡು ವರ್ಷ. ನಾನು ಹಡಗು ಬಿಟ್ಟೆ. ಈಗ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಡೀಸೆಲ್ ಪಂಪುಗಳ ರಿಪೇರಿ ಮಾಡುತ್ತೇನೆ. ಭಂಡಾರಿಯ ಮನೆ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ನಾಲ್ಕೈದು ಸಲ ಹೋಗಿದ್ದೇನೆ. ಬಾ ಎಂದೂ ಅವನು ಅನ್ನುವುದಿಲ್ಲ, ಬರಬೇಡ ಎಂದೂ ಅನ್ನುವುದಿಲ್ಲ. ಒಮ್ಮೆ ಮಾತ್ರ, ಆ ದೋಣಿ ಆಮೇಲೆ ಎಲ್ಲಿಗೆ ಹೋಯಿತು ಎಂದು ಕೇಳಿದ. ಗೊತ್ತಿಲ್ಲ ಎಂದೆ. ಮತ್ತೊಂದು ಹಡಗು ಹಿಡಿಯಲು ಹೋಗಿರಬಹುದು ಎಂದ.

ಕ್ಯಾಪ್ಟನ್ನರು ಕಳೆದ ವರ್ಷ ಮತ್ತೆ ಸಮುದ್ರಕ್ಕೆ ಹೋದರು. ಗೋದಾಮಿನಲ್ಲಿದ್ದವರಲ್ಲಿ ಆರು ಜನ ತಾವಾಗಿಯೇ ಕೇಳಿಕೊಂಡು ಅವರ ಹಡಗನ್ನು ಸೇರಿದ್ದಾರೆ. ನಿಮ್ಮ ಭಾಷೆಯವನು ಎಂದೇ ಕಳಿಸುತ್ತೀರಾ ಎಂದು ಅವತ್ತು ಕೇಳಿದ ಖಲಾಸಿಯೂ ಅವರಲ್ಲಿದ್ದಾನೆ. ಆಯಿಲ್‌ಮ್ಯಾನ್ ನನಗೆ ಈ ಸುದ್ದಿ ಹೇಳಿ, ನೀವೂ ಕೇಳಿ ನೋಡಬಹುದಲ್ಲ ತೀನ್ ಸಾಬ್ ಎಂದ. ನಾನು ಕೇಳಲಿಲ್ಲ.